ಅಕ್ಕನ ಹೆಸರಿನಲ್ಲಿ

ನಮ್ಮ ಕಾಲೇಜಿನಲ್ಲಿ ಹುಡುಗಿಯರಿಗೆಂದೇ ‘ಗರಿ’ ಎಂಬ ಕಾರ್ಯಕ್ರಮವಿದೆ. ಶುಕ್ರವಾರ ಕೊನೆಯ ಪಿರಿಯಡ್. ಒಬ್ಬೊಬ್ಬ ಅಧ್ಯಾಪಕಿಗೂ ಹತ್ತು ಹನ್ನೆರಡು ಹುಡುಗಿಯರನ್ನು ಹಂಚುತ್ತಾರೆ. ಅವರ ಮಾರ್ಕು, ಮೈಯ ಸಂಕಟ, ಮನೆಯ ತಾಪತ್ರಯ, ಮುಂದೇನಾಗಬೇಕು ಎಂಬ ಆಸೆ ಎಲ್ಲವನ್ನೂ ಕೂತು ಕೇಳಬೇಕು. ವರ್ಷಕ್ಕೊಮ್ಮೆ ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್ ಏರುತ್ತದೆ, ಯಾರೋ ಅತಿಥಿ ಬಂದು ಹೆಣ್ಣು ಆಕಾಶಕ್ಕೆ ಹಾರಬೇಕು ಎಂದು ಹೇಳಿ ಸಮೋಸಾ ತಿಂದು ಹೋಗುತ್ತಾರೆ. ಆ ಫ್ಲೆಕ್ಸ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಶುಕ್ರವಾರದ ಆ ಪಿರಿಯಡ್ಡನ್ನು ಹಗುರ ಮಾಡಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಮೂರು ಸೆಮಿಸ್ಟರ್ ಮಾತೇ ಆಡದಿದ್ದ ಅನುಷ್ಕಾ ಮೊದಲು ಮಾತಾಡಿದ್ದು ಅಲ್ಲಿ.

ನನ್ನ ಹೆಸರು ಶಶಿಪ್ರಭಾ, ಕಲಿಸುವುದು ಸಂಖ್ಯಾಶಾಸ್ತ್ರ. ಅನುಷ್ಕಾ ಕಾಟಿಪಳ್ಳದ ಹುಡುಗಿ. ಗದ್ದೆ ಇದ್ದ ಕುಟುಂಬ. ಬಂದರಿಗೆ ಜಾಗ ಹೋದಾಗ ಅವಳ ಅಜ್ಜನ ಕಾಲದಲ್ಲಿ ಕಾಟಿಪಳ್ಳದ ಸೈಟಿಗೆ ಬಂದು ಬಿದ್ದವರು. ಅಪ್ಪ ಇಲ್ಲ. ತಾಯಿ ಸುಗಂಧಿ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾರೆ. ಮನೆಯ ದೊಡ್ಡ ತೀರ್ಮಾನಗಳೆಲ್ಲ ಸುಗಂಧಿಯ ಸೋದರಮಾವ ನೋಣಯ್ಯಜ್ಜನದ್ದು. ಇನ್ನೊಬ್ಬಳಿದ್ದಳು, ಅನುಷ್ಕಾಳ ಅಕ್ಕ ಮೋಕ್ಷಾ.

ಮೋಕ್ಷಾಳೂ ನನ್ನ ವಿದ್ಯಾರ್ಥಿನಿಯೇ. ಜಗಳಗಂಟಿ, ಬಾಯಿ ಜೋರು, ಲೆಕ್ಕದಲ್ಲಿ ನನ್ನನ್ನೇ ಹಿಡಿದು ನಿಲ್ಲಿಸುವವಳು. ಡಿಗ್ರಿ ಮುಗಿಸಿ ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೇರಿದ ವರ್ಷ ಬೈಕಂಪಾಡಿಯ ಹೆದ್ದಾರಿಯಲ್ಲಿ ಅವಳ ಸ್ಕೂಟರ್ ಜಾರಿ ಕಂಟೈನರ್ ಲಾರಿಯ ಕೆಳಗೆ ಹೋಯಿತು. ಅವಳು ಹೋದ ಮೇಲೆ ಸುಗಂಧಿ ಆ ದಾರಿಯಲ್ಲಿ ಬಸ್ಸಿನಲ್ಲಿ ಕೂತರೆ ಬೈಕಂಪಾಡಿ ದಾಟುವವರೆಗೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ.

ಅನುಷ್ಕಾ ಎಲ್ಲದರಲ್ಲೂ ಅಕ್ಕನಿಗೆ ಉಲ್ಟಾ. ಹಿಂದಿನ ಬೆಂಚು, ತಗ್ಗಿಸಿದ ಮುಖ, ಹಾಜರಿ ಕರೆದರೆ ಕೈ ಮಾತ್ರ ಮೇಲೆ. ಆದರೆ ಉತ್ತರಪತ್ರಿಕೆ ತಿದ್ದುವಾಗ ನನ್ನ ಕೈ ನಿಂತುಬಿಡುತ್ತಿತ್ತು. ಅಕ್ಕ ಗಡಿಬಿಡಿಯಲ್ಲಿ ಹಾರಿಬಿಡುತ್ತಿದ್ದ ಮೆಟ್ಟಿಲನ್ನೆಲ್ಲ ಇವಳು ತಾಳ್ಮೆಯಿಂದ ಹತ್ತುತ್ತಿದ್ದಳು. ಒಂದು ಶುಕ್ರವಾರ ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು, “ಮೇಡಂ, ನಂಗೂ ಕೊಣಾಜೆಯಲ್ಲಿ ಎಂ.ಎಸ್ಸಿ. ಮಾಡ್ಬೇಕು ಅಂತ ಉಂಟು” ಎಂದಳು. ಏನೋ ತಪ್ಪು ಮಾಡಿದವಳ ಹಾಗೆ ಹೇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತು ಫ್ಲೆಕ್ಸನ್ನೂ ಕ್ಷಮಿಸಿದೆ.

ಅವಳು ಎರಡನೇ ವರ್ಷದಲ್ಲಿದ್ದಾಗ ಸಂಬಂಧಗಳು ಬರತೊಡಗಿದವು. ಸುಗಂಧಿಗೆ ಇದ್ದದ್ದು ಒಂದೇ ಹಟ: ಉಳಿದ ಮಗಳು ಆ ಹೆದ್ದಾರಿಯಲ್ಲಿ ಇನ್ನು ದಿನಾ ಓಡಾಡಬಾರದು. ಮದುವೆಯಾದರೆ ಮನೆಯೊಳಗೆ ಇರುತ್ತಾಳೆ, ಮನೆಯೊಳಗಿದ್ದರೆ ಬದುಕುತ್ತಾಳೆ. ಇದರಲ್ಲಿ ದುಷ್ಟತನ ಎಲ್ಲಿದೆ ಹೇಳಿ? ಈ ಕಥೆಯಲ್ಲಿ ಸಿಟ್ಟು ಮಾಡಲು ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮೊದಲ ಸಂಬಂಧ ಸುರತ್ಕಲ್ ಕಡೆಯದು. ಹುಡುಗನ ಮನೆಯವರು ಬರುವ ಹಿಂದಿನ ದಿನ ನಮ್ಮ ಕ್ರಮದ ಹಾಗೆ ಸತ್ತ ಹಿರಿಯರಿಗೂ ಮೋಕ್ಷಾಳಿಗೂ ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾದರು. ಬಾಗಿಲು ತೆರೆದಾಗ ಮೋಕ್ಷಾಳ ಎಲೆಯ ಪಕ್ಕದ ನೀರಿನ ಲೋಟ ಮಗುಚಿ ಬಿದ್ದಿತ್ತು. ಅದು ಬೆಕ್ಕಿನ ಕೆಲಸವೋ, ಅರೆಬರೆ ಕೂರಿಸಿದ ಲೋಟವೋ ಯಾರಿಗೂ ಗೊತ್ತಿಲ್ಲ. ನೋಣಯ್ಯಜ್ಜ ಬಹಳ ಹೊತ್ತು ನೋಡಿ, “ದೊಡ್ಡ ಬಾಲೆಗೆ ಮನಸ್ಸಿಲ್ಲ” ಎಂದರು. ಮರುದಿನ ಬರಬೇಕಾದವರಿಗೆ ಫೋನ್ ಹೋಯಿತು. ಸಂಬಂಧ ಅಲ್ಲಿಗೆ ನಿಂತಿತು.

ಅನುಷ್ಕಾ ಅದನ್ನು ನೋಡಿದಳು. ತಾನು ವಾರವಿಡೀ ಊಟ ಬಿಟ್ಟು ಅತ್ತರೂ ಅಲುಗದ ಮನೆ ಒಂದು ಲೋಟ ಬಿದ್ದದ್ದಕ್ಕೆ ಅಲುಗಿತಲ್ಲ ಎಂದು ನೋಡಿದಳು. ಎರಡನೇ ಸಂಬಂಧ ಬಂದಾಗ ಬಡಿಸಿದ ಕೋಣೆಯಿಂದ ಕೊನೆಗೆ ಹೊರಬಂದವಳು ಅವಳೇ. ಅಕ್ಕನ ಎಲೆಯನ್ನು ಹಿಂದುಮುಂದು ತಿರುಗಿಸಿ ಬಂದಿದ್ದಳು. ಆ ಸಂಬಂಧವೂ ಹೋಯಿತು. ಆಮೇಲೆ ಕನಸುಗಳು ಶುರುವಾದವು. ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ, ಒಳಗೆ ಬರುವುದಿಲ್ಲ, ಮಾತಾಡುವುದಿಲ್ಲ. ಅಕ್ಕ ಸೀರೆಯ ಅಂಗಡಿಯ ಮುಂದೆ ಅಳುತ್ತಿದ್ದಾಳೆ. ಒಂದೊಂದು ಕನಸನ್ನೂ ಮನೆಯಲ್ಲಿ ಅಳೆದು ತೂಗಿ ಹೇಳುತ್ತಿದ್ದಳು, ಪ್ರಾಕ್ಟಿಕಲ್ ಪರೀಕ್ಷೆಯ ಉತ್ತರದ ಹಾಗೆ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ‘ಗರಿ’ಯಲ್ಲೇ, ಮೂರನೇ ವರ್ಷದ ಆರಂಭದಲ್ಲಿ. ಅವತ್ತು ಶರೊನ್ ಹುಡುಗಿಯರಿಗೆಲ್ಲ ಆಟ ಆಡಿಸಿದ್ದಳು. ಶರೊನ್ ಇಂಗ್ಲಿಷ್ ವಿಭಾಗದವಳು, ‘ಗರಿ’ಯ ಮುಖ್ಯಸ್ಥೆ, ಜಗತ್ತಿನಲ್ಲಿ ಏನನ್ನೂ ಒಂದು ವರ್ಕ್‌ಶಾಪಿನಲ್ಲಿ ಸರಿಮಾಡಬಹುದು ಎಂದು ನಂಬಿದವಳು. ಆಟ ಏನೆಂದರೆ, ಎದುರಿನವಳು ಏನೇ ಕೇಳಿದರೂ ಕಣ್ಣಲ್ಲಿ ಕಣ್ಣಿಟ್ಟು ‘ಬೇಡ’ ಎನ್ನಬೇಕು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅನುಷ್ಕಾಳಿಂದ ಮಾತ್ರ ಆಗಲಿಲ್ಲ. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು ಎಲ್ಲ ಹೇಳಿದಳು.

“ಎಂತ ಹುಚ್ಚು ಇದು ಮಾರಾಯ್ತಿ?” ಎಂದೆ. “ನಿನ್ನ ಅಮ್ಮನತ್ರ ನೇರ ಹೇಳು. ನಂಗೆ ಓದ್ಬೇಕು, ಈಗ ಮದುವೆ ಬೇಡ ಅಂತ.”

“ಹೇಳಿದ್ದೇನೆ ಮೇಡಂ. ನಾನು ಹೇಳಿದ್ರೆ ಚಿಕ್ಕದು, ಬುದ್ಧಿ ಇಲ್ಲ ಅಂತಾರೆ. ಅಕ್ಕ ಹೇಳಿದ್ರೆ ಕೇಳ್ತಾರೆ.”

“ಅಕ್ಕ ಸತ್ತು ಹೋಗಿದ್ದಾಳೆ.”

“ಅದಕ್ಕೇ ಕೇಳುದು” ಎಂದಳು. ಜಾಣ ಮಾತಿನ ಹಾಗೆ ಅಲ್ಲ, ತಿಳಿದದ್ದನ್ನು ಹೇಳುವ ಹಾಗೆ. “ಡಿಗ್ರಿ ಮುಗಿದು ಸೀಟು ಸಿಗುವವರೆಗೆ ಮಾತ್ರ. ಆಮೇಲೆ ಬಿಡ್ತೇನೆ.”

‘ಗರಿ’ಯಲ್ಲಿ ಹೇಳಿದ್ದು ಹೊರಗೆ ಹೋಗಬಾರದು ಎಂದು ನಿಯಮ. ಆದರೂ ಅವಳ ಓದಿನ ಮಾತನ್ನಾದರೂ ಆಡಿ ಬರೋಣವೆಂದು ನಾನು ಒಂದು ಭಾನುವಾರ ಕಾಟಿಪಳ್ಳಕ್ಕೆ ಹೋದೆ. ಮಳೆ ಬಿಟ್ಟಿತ್ತು, ರಿಫೈನರಿಯ ವಾಸನೆ ಮನೆಯೊಳಗೆಲ್ಲ ಕೂತಿತ್ತು. ಸುಗಂಧಿ ಚಾ ಕೊಟ್ಟರು, ಮಗಳ ಮಾರ್ಕಿನ ಮಾತಿಗೆ ಸೌಜನ್ಯದಿಂದ ತಲೆಯಾಡಿಸಿದರು.

“ಓದಿದ್ದು ಸಾಕು ಟೀಚರ್. ದೊಡ್ಡವಳೂ ಫಸ್ಟ್ ಕ್ಲಾಸೇ ಅಲ್ವಾ? ಎಂತ ಸಿಕ್ಕಿತು?”

ಹಾಸ್ಟೆಲ್ ಉಂಟು, ದಿನಾ ಓಡಾಡಬೇಕಿಲ್ಲ ಎಂದೆ. ಅವರಿಗೆ ಅದು ಕೇಳಿಸಲೇ ಇಲ್ಲ. ನಾನು ಹೊರಡುವಾಗ ಗೇಟಿನವರೆಗೆ ಬಂದು ಕೈ ಹಿಡಿದರು. “ಟೀಚರ್, ಅವಳ ಕನಸಿನಲ್ಲಿ ದೊಡ್ಡವಳು ಬರ್ತಾಳೆ ಗೊತ್ತುಂಟಾ? ನನ್ನ ಕನಸಿಗೆ ಒಮ್ಮೆಯೂ ಬರುದಿಲ್ಲ. ನಾನೆಂತ ತಪ್ಪು ಮಾಡಿದೆ?” ಎಂದು ಕೇಳಿದರು. ನನಗೆ ಅನುಷ್ಕಾಳ ಮೇಲೆ ಆ ಕ್ಷಣ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ.

ಸೋಮವಾರ ಅವಳನ್ನು ಕರೆದು ಇದನ್ನು ಹೇಳಿದೆ. ಅವಳು ಬಿಳಿಚಿಕೊಂಡಳು. ಇನ್ನು ಕನಸು ಹೇಳುವುದಿಲ್ಲ ಎಂದು ಮಾತು ಕೊಟ್ಟಳು, ಹೇಳಲೂ ಇಲ್ಲ. ಆದರೆ ಅಷ್ಟರಲ್ಲಿ ತಡವಾಗಿತ್ತು. ನೋಣಯ್ಯಜ್ಜ ಜ್ಯೋತಿಷ್ಯ ಬಲ್ಲವರ ಹತ್ತಿರ ಪ್ರಶ್ನೆ ಇಡಿಸಿಬಿಟ್ಟಿದ್ದರು. ಬಂದ ಉತ್ತರ ಒಂದೇ: ಮದುವೆಯಾಗದೆ ಹೋದ ಹುಡುಗಿ, ತನಗೆ ಆಗದೆ ತಂಗಿಗೆ ಆಗುವುದನ್ನು ತಡೆಯುತ್ತಿದ್ದಾಳೆ. ಮೊದಲು ಅವಳದ್ದು ಮಾಡಿ ಮುಗಿಸಿ.

ಸತ್ತವರಿಗೆ ಮದುವೆ ಮಾಡುವ ಪದ್ಧತಿ ನಮ್ಮ ತುಳುವರಲ್ಲಿದೆ. ಕುಲೆಗಳ ಮದುವೆ ಎನ್ನುತ್ತೇವೆ. ಕುಲೆ ಎಂದರೆ ಸತ್ತವರ ಜೀವ. ಮದುವೆಯಾಗದೆ ಸತ್ತ ಹುಡುಗಿಗೆ ಹಾಗೆಯೇ ಸತ್ತ ಹುಡುಗನನ್ನು ಹುಡುಕುತ್ತಾರೆ. ಬಳಿ, ಅಂದರೆ ತಾಯಿಯ ಕಡೆಯ ಕುಲ, ಬೇರೆಯೇ ಎಂದು ನೋಡುತ್ತಾರೆ, ಹುಡುಗ ಹುಡುಗಿಗಿಂತ ದೊಡ್ಡವನೇ ಎಂದು ನೋಡುತ್ತಾರೆ, ಎರಡು ಮನೆಯವರು ಕೂತು ಮಾತಾಡುತ್ತಾರೆ, ದಿಬ್ಬಣ ಬರುತ್ತದೆ, ಊಟ ಇರುತ್ತದೆ. ನಗುವವರು ನಗಲಿ. ನನ್ನ ತಾಯಿಯ ಅಣ್ಣನಿಗೂ ಹೀಗೆ ಮದುವೆಯಾಗಿದೆ, ನಾನು ಕಾಣದ ಆ ಅತ್ತೆಯ ಮನೆಯವರು ಈಗಲೂ ನಮ್ಮಲ್ಲಿ ಏನಾದರೂ ಶುಭ ನಡೆದರೆ ಬಂದು ಉಂಡು ಹೋಗುತ್ತಾರೆ. ಅಳುವ ತಾಯಂದಿರಿಗೆ ಇದರಿಂದ ಸಿಗುವ ಸಮಾಧಾನವನ್ನು ನನ್ನ ಸಂಖ್ಯಾಶಾಸ್ತ್ರ ಕೊಡಲಾರದು.

ಮೋಕ್ಷಾಳಿಗೆ ವರ ಸಿಕ್ಕಿದ್ದು ಬಜಪೆಯಲ್ಲಿ. ಹೆಸರು ರೂಪೇಶ್. ಗಲ್ಫಿನಲ್ಲಿ ಕೆಲಸಕ್ಕಿದ್ದಾಗ ಹೃದಯ ನಿಂತು ಹೋದವನು. ಪೆಟ್ಟಿಗೆಯಲ್ಲಿ ಬಂದವನನ್ನು ವಿಮಾನ ನಿಲ್ದಾಣದಿಂದ ಮನೆಗೆ ತರಲು ಹತ್ತು ನಿಮಿಷವೂ ಬೇಕಾಗಿರಲಿಲ್ಲವಂತೆ. ಅವನ ತಾಯಿಗೂ ಮಗನಿಗೊಂದು ಜೊತೆ ಬೇಕಿತ್ತು. ಎರಡು ಮನೆಯ ತಾಯಂದಿರು ಮೊದಲ ಸಲ ಎದುರು ಕೂತಾಗ ಮಾತೇ ಬೇಕಾಗಲಿಲ್ಲ, ಇಬ್ಬರೂ ಅತ್ತರು. ಎದ್ದು ಹೊರಡುವ ಮೊದಲು ರೂಪೇಶನ ತಾಯಿಯ ಕಣ್ಣು ಚಾ ತಂದ ಅನುಷ್ಕಾಳ ಮೇಲೆ ಬಿತ್ತು. ಅವರಿಗೆ ಇನ್ನೊಬ್ಬ ಮಗನಿದ್ದ, ದೀಕ್ಷಿತ್. ದುಬೈಯಲ್ಲಿ ಒಳ್ಳೆಯ ಕೆಲಸ, ಒಳ್ಳೆಯ ಗುಣ, ಆಗಸ್ಟಿನಲ್ಲಿ ರಜೆಗೆ ಬರುವವನು. ಅಕ್ಕ ತಂಗಿ ಒಂದೇ ಮನೆಗೆ ಬರಲಿ ಎಂದರು. ಇದಕ್ಕಿಂತ ಚಂದದ ಏರ್ಪಾಡು ಇಲ್ಲ ಎಂದು ನೋಣಯ್ಯಜ್ಜನಿಗೂ ಅನ್ನಿಸಿತು. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬದುಕಿದ್ದವರ ಮದುವೆ ಮಾಡುವುದಿಲ್ಲ, ಸತ್ತವರದ್ದು ಮಾಡುತ್ತಾರೆ. ಆದ್ದರಿಂದ ಆಟಿಯಲ್ಲಿ ಮೋಕ್ಷಾಳದ್ದು, ಆಟಿ ಮುಗಿದ ಕೂಡಲೇ ಅನುಷ್ಕಾಳದ್ದು ಎಂದು ನಿಶ್ಚಯವಾಯಿತು. ಮದುವೆಯಾದ ಮೇಲೆ ಬಜಪೆಯಲ್ಲಿ ಅತ್ತೆಯ ಜೊತೆ ಇರುವುದು. ಓದಿನ ವಿಷಯ ಮುಂದೆ ನೋಡುವ ಎಂದರು.

ಅನುಷ್ಕಾ ನನ್ನ ಮೇಜಿನ ಮುಂದೆ ಕೂತು ಇದನ್ನು ಹೇಳಿದಾಗ ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದಿತ್ತು, ಕೊಣಾಜೆಯ ಪಟ್ಟಿಯಲ್ಲಿ ಅವಳ ಹೆಸರು ಮೇಲೆಯೇ ಬಂದಿತ್ತು. ಸೀಟು ಸಿಕ್ಕಿತ್ತು. ಸೇರಲು ಮನೆಯವರು ಬಿಡಬೇಕಿತ್ತು, ಅಷ್ಟೆ. ಶರೊನ್ ಅವಳ ಭುಜ ಹಿಡಿದು ಕಾನೂನು ಹೇಳಿದಳು, ಸಹಾಯವಾಣಿಯ ನಂಬರು ಹೇಳಿದಳು, ಬೇಕಾದರೆ ನನ್ನ ಮನೆಯಲ್ಲೇ ಇರು ಎಂದಳು. ಸುಳ್ಳಲ್ಲ, ಅವಳು ಇಟ್ಟುಕೊಳ್ಳುವವಳೇ. ಫ್ಲೆಕ್ಸಿನ ಹುಚ್ಚಿರಬಹುದು, ಎದೆ ದೊಡ್ಡದು.

“ಮನೆ ಬಿಟ್ಟು ಬಂದ್ರೆ ಅಮ್ಮನಿಗೆ ಯಾರೂ ಇರುದಿಲ್ಲ” ಎಂದಳು ಅನುಷ್ಕಾ. “ನಾನೇ ಮಾಡಿದ್ದು ಅಂತ ಹೇಳ್ತೇನೆ. ಎಲ್ಲ ಬಿಡಿಸಿ ಹೇಳ್ತೇನೆ. ಅಕ್ಕನಿಗೆ ಸಿಟ್ಟೇ ಇಲ್ಲ ಅಂತ ಗೊತ್ತಾದ್ರೆ ಅವಳಿಗೆ ಮದುವೆ ಯಾಕೆ ಮಾಡ್ತಾರೆ? ಎರಡೂ ನಿಲ್ತದೆ.”

ಹೇಳುತ್ತೇನೆ ಎಂದವಳು ದಿನ ದೂಡಿದಳು. ಬೆಳಿಗ್ಗೆ ಹೇಳಬೇಕೆಂದು ಎದ್ದರೆ ಅಮ್ಮ ಅಕ್ಕನ ಮದುವೆಯ ಸೀರೆಗೆ ಫಾಲ್ಸ್ ಹೊಲಿಯುತ್ತ ಕೂತಿರುತ್ತಿದ್ದರಂತೆ. ವರ್ಷಗಟ್ಟಲೆ ನಗದ ಅಮ್ಮ ಹಾಡು ಗುನುಗುತ್ತಿದ್ದರಂತೆ. ಹೀಗೆ ಮದುವೆಯ ದಿನವೇ ಬಂತು.

ಮೋಕ್ಷಾಳ ಟೀಚರ್ ಎಂದು ನನ್ನನ್ನು ಕರೆದಿದ್ದರು. ಸಂಜೆಯ ಹೊತ್ತು, ಅಂಗಳದಲ್ಲಿ ನೀಲಿ ಟಾರ್ಪಾಲು, ಅದರ ಮೇಲೆ ಮಳೆ. ಬಜಪೆಯ ದಿಬ್ಬಣ ಎರಡು ಕಾರಿನಲ್ಲಿ ಬಂತು. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಪಂಚೆ, ಶರಟು, ಮಡಚಿದ ಶಾಲು. ಇನ್ನೊಂದರ ಮೇಲೆ ಕೆಂಪು ಸೀರೆ, ಹಸಿರು ಬಳೆ, ಮಲ್ಲಿಗೆ. ಆ ಪುಟ್ಟ ಗಂಟನ್ನು ನೋಡುವಾಗ ನನಗೆ ತರಗತಿಯಲ್ಲಿ ಕೈ ಬೀಸಿ ವಾದ ಮಾಡುತ್ತಿದ್ದ ಹುಡುಗಿ ಕಾಣಿಸಿದಳು.

ವಧುವಿನ ಮಣೆಯ ಹಿಂದೆ ಅನುಷ್ಕಾಳನ್ನು ಕೂರಿಸಿದ್ದರು. ಹಿರಿಯರು ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳಿದಾಗ ಅವಳ ಪರವಾಗಿ ಮನೆಯ ಹೆಣ್ಣೊಬ್ಬಳು ಹೂಂ ಎನ್ನಬೇಕು. ಕರಿಮಣಿ ಕಟ್ಟುವ ಮೊದಲು ನೋಣಯ್ಯಜ್ಜ ಸೀರೆಯ ಕಡೆಗೆ ಬಾಗಿ, ಮಗುವನ್ನು ಮಾತಾಡಿಸುವ ದನಿಯಲ್ಲಿ ಕೇಳಿದರು. “ಮಗಾ, ನಿಂಗೆ ಈ ಸಂಬಂಧ ಒಪ್ಪಿಗೆ ಉಂಟಲ್ಲ?”

ಅನುಷ್ಕಾ ಎದ್ದು ನಿಂತಳು. “ಅಕ್ಕನಿಗೆ ಯಾವ ಸಿಟ್ಟೂ ಇಲ್ಲ. ಎಲೆ ತಿರುಗಿಸಿದ್ದು ನಾನು. ಕನಸೆಲ್ಲ ಸುಳ್ಳು. ನಂಗೆ ಮದುವೆ ಬೇಡ, ನಂಗೆ ಕೊಣಾಜೆಗೆ ಹೋಗ್ಬೇಕು!”

ಜೀವನದಲ್ಲಿ ಮೊದಲ ಸಲ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು. ದನಿ ಒಡೆದು ಚಾವಡಿಯೆಲ್ಲ ತುಂಬಿತು. ಮೈ ನಡುಗುತ್ತಿತ್ತು, ಜಡೆ ಬಿಚ್ಚಿ ಹೋಗಿತ್ತು. ನಾನು ಉಸಿರು ಬಿಟ್ಟೆ, ಅಂತೂ ಹೇಳಿದಳಲ್ಲ ಎಂದು.

ಆಗ ಹಿಂದಿನಿಂದ ಯಾರೋ ಹೆಂಗಸು, “ದೇವರೇ, ಇದು ದೊಡ್ಡವಳ ಸ್ವರ” ಎಂದಳು.

ಹೌದು, ಆ ಸ್ವರ ಮೋಕ್ಷಾಳದ್ದೇ ಆಗಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ದನಿ ಎತ್ತಿದರೆ ಒಂದೇ ಆಗುತ್ತದೆ. ಇವಳು ಇದುವರೆಗೆ ಎತ್ತಿರಲಿಲ್ಲ, ಅಷ್ಟೆ. ಕೊಣಾಜೆಗೆ ಹೋಗಬೇಕು ಎಂದು ಆ ಮನೆಯಲ್ಲಿ ಅಷ್ಟು ಜೋರಾಗಿ ಕೂಗಿದ್ದವಳೂ ಮೋಕ್ಷಾ ಒಬ್ಬಳೇ. ನೋಣಯ್ಯಜ್ಜ ಕೈ ಮುಗಿದರು. ಬಜಪೆಯವರೂ ಕೈ ಮುಗಿದು ಎದ್ದು ನಿಂತರು.

“ನಾನು ಅನುಷ್ಕಾ!” ಎಂದು ಅವಳು ಕೂಗಿದಳು. ಕೂಗಿದಷ್ಟೂ ಅವರಿಗೆ ಅದು ಮೋಕ್ಷಾಳಾಗಿಯೇ ಕೇಳಿಸಿತು.

ನಾನು ಜನರನ್ನು ಸರಿಸಿ ಮುಂದೆ ಹೋದೆ. “ಅಜ್ಜಾ, ಅವಳು ಹೇಳುವುದು ಸತ್ಯ. ಇದನ್ನೆಲ್ಲ ಅವಳು ನನ್ನತ್ರ ಕಾಲೇಜಿನಲ್ಲಿ ಹೇಳಿದ್ದಾಳೆ.”

ನೋಣಯ್ಯಜ್ಜ ನನ್ನನ್ನು ಕರುಣೆಯಿಂದ ನೋಡಿದರು. “ನಿಮ್ಮತ್ರವೂ ಬಂದು ಮಾತಾಡಿದ್ದಾಳಾ ಟೀಚರ್? ನಿಮ್ಮ ಮೇಲೆ ಅವಳಿಗೆ ಭಾರೀ ಪ್ರೀತಿ ಇತ್ತು” ಎಂದರು. ಎಂಥ ಪದವಿ, ಎಂಥ ಪಾಠ, ನನ್ನ ಮಾತೊಂದು ಅಲ್ಲಿ ಅಕ್ಕಿಕಾಳಿನಷ್ಟೂ ತೂಗಲಿಲ್ಲ.

ಅಷ್ಟರಲ್ಲಿ ಸುಗಂಧಿ ಒಳಗಿನಿಂದ ಬಂದರು. ನಡೆಯಲಿಲ್ಲ, ಬಿದ್ದೆದ್ದು ಬಂದರು. ಮಗಳ ಎದುರು ಮೊಣಕಾಲೂರಿ ಅವಳ ಎರಡೂ ಕೈ ಹಿಡಿದು ಮುಖ ನೋಡಿದರು. ಹಾಗೆ ಒಬ್ಬರು ಇನ್ನೊಬ್ಬರ ಮುಖ ನೋಡಿದ್ದನ್ನು ನಾನು ಮತ್ತೆ ಕಂಡಿಲ್ಲ.

“ಮೋಕ್ಷಾ” ಎಂದರು. “ಬಂದಿಯಾ ಮಗಾ?”

“ಅಮ್ಮ, ನಾನು...” ಎಂದಳು ಅನುಷ್ಕಾ.

“ಅವತ್ತು ತುಂಬಾ ನೋವಾಯ್ತಾ ಮಗಾ? ಲಾರಿಯ ಅಡಿಯಲ್ಲಿ ತುಂಬಾ ಹೊತ್ತು ಇದ್ದಿಯಾ? ನನ್ನನ್ನು ಕರ್ದಿಯಾ? ನನಗೆ ಯಾರೂ ಹೇಳುದಿಲ್ಲ.”

ಅನುಷ್ಕಾ ನನ್ನ ಕಡೆಗೆ ನೋಡಿದಳು. ಆಮೇಲೆ ತಾಯಿಯ ಕಡೆಗೆ ತಿರುಗಿದಳು. ಮೈಯ ನಡುಕ ನಿಂತಿತು. ಅಲ್ಲ ಎನ್ನಬೇಕಿತ್ತು, ನಾನು ಸಣ್ಣವಳು ಎನ್ನಬೇಕಿತ್ತು. ಆದರೆ ಹಾಗೆಂದರೆ ಆ ಹೆಂಗಸಿಗೆ ದೊಡ್ಡ ಮಗಳು ಇನ್ನೊಮ್ಮೆ ಸಾಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡದೆ.

“ಇಲ್ಲ ಅಮ್ಮ” ಎಂದಳು. “ನೋವೇ ಆಗ್ಲಿಲ್ಲ. ಗೊತ್ತೇ ಆಗ್ಲಿಲ್ಲ.”

ಸುಗಂಧಿ ಅವಳ ಅಂಗೈಗಳಲ್ಲಿ ಮುಖವಿಟ್ಟು ಅತ್ತರು. ಎಷ್ಟೋ ವರ್ಷದಿಂದ ಒಳಗೇ ಕಟ್ಟಿಹೋಗಿದ್ದ ಅಳು ಅದು. ಬಜಪೆಯ ತಾಯಿಯೂ ಅತ್ತರು, ನಾನೂ ಅತ್ತೆ. ಅಳು ಇಳಿದ ಮೇಲೆ ಸುಗಂಧಿ ಸೆರಗಿನಿಂದ ಮಗಳ ಮುಖವನ್ನೇ ಒರೆಸಿದರು.

“ನಿಂಗೆ ಒಳ್ಳೆ ಮನೆ ನೋಡಿದ್ದೇವೆ ಮಗಾ. ಒಪ್ಪಿಗೆ ಉಂಟಾ?”

“ಉಂಟು.”

“ತಂಗಿಯನ್ನೂ ಅದೇ ಮನೆಗೆ ಕೊಡ್ತೇವೆ. ದೀಕ್ಷಿತ್ ಒಳ್ಳೆಯವ. ಅವಳು ಸಣ್ಣದು, ಅವಳಿಗೆ ಎಂತದೂ ಗೊತ್ತಾಗುದಿಲ್ಲ. ನೀನು ಹೇಳು. ಕೊಡುದಾ?”

ಟಾರ್ಪಾಲಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಈಗ ಬೇಡವೆಂದರೆ ಮನೆ ಕೇಳುತ್ತಿತ್ತು, ಆದರೆ ಅಮ್ಮನ ಪಾಲಿಗೆ ಅಕ್ಕ ಮತ್ತೆ ನೆಮ್ಮದಿಯಿಲ್ಲದ ಕುಲೆಯಾಗುತ್ತಿದ್ದಳು. ಅನುಷ್ಕಾ ತಾಯಿಯ ನೆತ್ತಿಯ ಮೇಲೆ ಕೈಯಿಟ್ಟಳು.

“ಕೊಡಿ ಅಮ್ಮ” ಎಂದಳು.